ಉಡದಾರ

ಮೂರರ ಬಿಸಲಾಗ ಒಬ್ಬಾಕಿ ಬಂದಳು.
ಫಾರ್ಮಸಿ ಕಾಲೇಜಿನ ಹುಡುಗಿ, ಘಾನಾ ದೇಶದಾಕಿ.
ಬಾಗಲಕ್ಕ ಬಗ್ಗಿ ಒಳಗ ಬಂದು
ಕರ್ಚೀಫಿನ ಗಂಟು ಬಿಚ್ಚಿ
ನನ್ನ ಹಿತ್ತಾಳಿ ತಾಟಿನಾಗ ಸುರುವಿದಳು.
ಸದ್ದಿಗೇ ತಿಳೀತು, ಗಾಜು.
ಪ್ಲಾಸ್ಟಿಕ್ ಹಿಂಗ ಮಾತಾಡಂಗಿಲ್ಲ.

ಹಾಸ್ಟೆಲ್ ಮೆಟ್ಟಲ ಮ್ಯಾಲ ದಾರ ಹರೀತಂತ,
ಹುಡಿಗ್ಯಾರೆಲ್ಲ ಮೊಳಕಾಲೂರಿ ಮೊಬೈಲ್ ಬೆಳಕಿನಾಗ ಆರಿಸ್ಯಾರಂತ.
ನಲವತ್ತೊಂದು, ಅಂದಳು.
ಎಣಿಸಿದೆ. ನಲವತ್ತು.
ಮತ್ತ ಎಣಿಸಿದೆ. ಪಟವೇಗಾರರ ಮನಿ ಬೆರಳು ಇವು.
ನಲವತ್ತೇ.

ಕೊರಳಿಗೇನವ್ವ?
ನಕ್ಕು ಸೊಂಟ ಮುಟ್ಟಿ ತೋರಿಸಿದಳು.
ಅಯ್ಯ, ಉಡದಾರ!
ನಾವು ಕೂಸಿಗೆ ಕಟ್ಟತೀವಿ,
ಹುಡುಗಿ ಲಂಗ ಉಡೋ ಹೊತ್ತಿಗೆ ಬಿಚ್ಚಿ
ಎಲ್ಲಿಟ್ಟೆವೋ ಮರೀತೀವಿ.
ಆಕಿಗೆ ಹುಟ್ಟಿದ ಎಂಟನೇ ದಿನ ಕಟ್ಟಿದ್ದು
ಮೈ ಬೆಳದಂಗ ತಾನೂ ಬೆಳದದ,
ಒಂದೊಂದು ಮಣಿ ಒಬ್ಬೊಬ್ಬರು ಕೊಟ್ಟು.

ಹೆಸರು ಕೊರ್ಕೊರ್. ಎರಡನೇ ಮಗಳು, ಅಷ್ಟೇ ಅರ್ಥ.
ನಾನೂ ಎರಡನೇಕಿ.
ಮೂರನೇದಾದರೂ ಗಂಡಾಗಲಂತ
ನನಗ ನಕೂಸಾ ಅಂತ ಇಟ್ಟರು.
ನಿನ್ನ ಹೆಸರಿನ ಅರ್ಥ? ಅಂದಳು.
ನಾ ದಾರಕ್ಕ ಮೇಣ ಹಚ್ಚಕೋತ ಕುಂತೆ.

ಹಿಂದಿ ಅರ್ಧ, ಕೈ ಅರ್ಧ,
ಒಂದೊಂದೇ ಎತ್ತಿ ಹೇಳಿದಳು:
ಈ ದಪ್ಪ ಹಳದಿದು ಬೋದೊಮ್,
ಕೇಡು ಬರೋ ಮೊದಲು ನಾಯಿ ಹಂಗ ಗುರ್ ಅಂತದ.
ಈ ಕೆಂಪಿನ ತೂತಿನಾಗ ಇಣುಕು, ಒಳಗ ಬಿಳಿ,
ಹಡಗದಾಗ ಬಂದಿದ್ದು,
ಇದನ್ನ ಕೊಟ್ಟು ಏನು ಕೊಂಡರೋ ಕೇಳಬ್ಯಾಡ.
ಈ ನೀಲಿ, ಅಜ್ಜಿಯ ಮುಲಾಮಿನ ಶೀಶೆ.
ಖಾಲಿಯಾದ ಮ್ಯಾಲ ಅಜ್ಜಿ ಒರಳಾಗ ಕುಟ್ಟಿ, ಜರಡಿ ಹಿಡದು,
ಮಣ್ಣಿನ ಅಚ್ಚಿಗೆ ತುಂಬಿ
ನಡು ಒಂದು ಎಲಿಕಡ್ಡಿ ನಿಲ್ಲಿಸತಿದ್ದಳಂತ.
ಒಲಿಯಾಗ ಕಡ್ಡಿ ಸುಟ್ಟು ಹೋಗತದ.
ತೂತು ಉಳೀತದ.

ನಿಮ್ಮವು? ಅಂದಳು ನನ್ನ ಡಬ್ಬಿ ನೋಡಿ.
ನಮ್ಮವಕ್ಕ ಕಾಳಿನ ಅಳತಿ:
ರಾಜಗಿರಿ, ಸಾಸಿವಿ, ತೊಗರಿ, ಕಡ್ಲಿ.
ಇದು ಹೆಸರು.
ಎರಡು ವರ್ಷದಾಗ ಆಕಿ ಕಲಿತ ಕನ್ನಡ ನಾಕು ಮಾತು,
ಬಸ್ಸಿನಾಗ ಎಲ್ಲಾರೂ ಕೇಳೋದು ಅದೇ ಒಂದು.
ಹೌದು, ಏನು ಹೆಸರು?
ಹೆಸರು.
ಹೆಸರಿನ ಹೆಸರು?
ಹೆಸರ!
ಬಾಜೂ ಬಿದ್ರಿ ಅಂಗಡಿ ರಿಯಾಸತ್ ಸುತ್ತಿಗಿ ಬಿಟ್ಟು ಇಣುಕಿ ನೋಡಿದ,
ಅಷ್ಟು ನಕ್ಕೆವು.

ಆಮ್ಯಾಲ ಜಿಂದಾ ತಿಲಿಸ್ಮಾತಿನ ಹಳೇ ಶೀಶೆ ಬಗ್ಗಿಸಿ
ಒಂದನ್ನ ತೆಗದೆ.
ಹಬಶಿಕೋಟದ ಗುಡ್ಡದಾಗ, ಮಳಿ ಹೋದ ಮುಂಜಾನೆ,
ನಮ್ಮತ್ತಿ ಗುಂಡಾಬಾಯಿಗೆ ಸಿಕ್ಕಿದ್ದು.
ತೊಗರಿಗಿಂತ ದಪ್ಪ, ಕಡ್ಲಿಗಿಂತ ಸಣ್ಣ, ಮಸುಕು ಹಸರು.
ಓಣ್ಯಾಗ ಯಾವ ಕೂಸಿಗೆ ನಾಯಿಕೆಮ್ಮು ಬಂದರೂ
ಅದರ ಉಡದಾರಕ್ಕ ಇದು.
ವಾಸಿಯಾದವು, ಆಗಲಾರದವು, ಎಲ್ಲಾ ಅದಾವ ಇದರಾಗ.
ಇಟ್ಟುಕೋ, ಅಂದೆ. ನಲವತ್ತೊಂದಾಗತದ.

ಹಲ್ಲಿಗೆ ತಟ್ಟಿ ನೋಡಿದಳು.
ಬಿಸಲಿಗೆ ಹಿಡದಳು.
ಯಾರನ್ನೋ ಗುರುತು ಹಿಡಿಯೋರ ಹಂಗ ಬಹಳ ಹೊತ್ತು ನೋಡಿ
ನನ್ನ ಅಂಗೈಯಾಗಿಟ್ಟು ಬೆರಳು ಮಡಚಿದಳು.
ಇದು ಯಾರದೋ. ನಮ್ಮಜ್ಜಿದಲ್ಲ.
ಹೋದದ್ದರ ಜಾಗದಾಗ ಒಂದು ಗಂಟು ಹಾಕು.

ಹಾಕಿದೆ.
ಐವತ್ತು ಕೊಟ್ಟಳು, ಮೂವತ್ತು ತಿರುಗಿ ಕೊಟ್ಟೆ.
ಪರದೆ ಹಿಂದ ಹೋಗಿ ಕಟ್ಟಿಕೊಂಡು ಬಂದಳು.
ಮ್ಯಾಲ ಕಾಲೇಜಿನ ಬಿಳಿ ಕೋಟು, ಏನೂ ಕಾಣಂಗಿಲ್ಲ.
ಚೌಬಾರಾದ ತಿರುವಿನ ತನಕ ನೋಡಿದೆ.
ರಿಯಾಸತನ ಸುತ್ತಿಗಿ ನಿಂತಾಗೊಮ್ಮೆ
ಕೇಳಿಸೀತೇನಂತ ಕಿವಿಗೊಟ್ಟೆ.

ಮಣಿ ಮುಷ್ಟಿಯೊಳಗೇ ಉಳದಿತ್ತು, ಬೆಚ್ಚಗ.
ರಾತ್ರಿ ಷಟರ್ ಎಳದು
ಕೆಂಪು ದಾರಕ್ಕ ಪೋಣಿಸಿ
ಸೀರಿ ಒಳಗ, ಅರವತ್ತೆರಡರ ಸೊಂಟಕ್ಕ ಸುತ್ತಿದೆ.
ದಾರ ಸಾಲಲಿಲ್ಲ.
ಉಂಡಿ ಬಿಚ್ಚಿ
ಮತ್ತೊಂದು ಮೊಳ ಕತ್ತರಿಸಿದೆ.